ಪೇತ್ರನಿಗೂ ಹೇಳಿರಿ

ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ
ವಾಕ್ಯಭಾಗ: ಮಾರ್ಕ 14:66-72, ಮಾರ್ಕ 16:1-8, ಯೋಹಾನ 21:1-19

  ಹಿಂದೆ ನಿಂತಿರುವ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಚಾಪೆ ಮೇಲೆ ಜಾಗ ಇದೆ. ಫ್ಯಾನ್ ಕೆಳಗೆ ಕೂತವರು ನಿದ್ದೆ ಮಾಡಬಾರದು, ಅಷ್ಟೇ.

ಇವತ್ತಿನ ಕೂಟಕ್ಕೆ ಬಂದವರಲ್ಲಿ ಹೆಚ್ಚಿನವರು ನಮ್ಮ ಕಡೆಯವರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಅದರಲ್ಲೂ ಹರಪನಹಳ್ಳಿಯವರನ್ನ ಯಾವ ಜಿಲ್ಲೆ ಅಂತ ಕೇಳಿದರೆ ಒಂದು ನಿಮಿಷ ಯೋಚನೆ ಮಾಡಿ ಉತ್ತರ ಕೊಡ್ತಾರೆ. ಮೊದಲು ಬಳ್ಳಾರಿ, 1997ರಲ್ಲಿ ದಾವಣಗೆರೆ, ಆಮೇಲೆ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಪಾಪ, ಊರು ಕೂತಲ್ಲೇ ಕೂತಿದೆ, ವಿಳಾಸ ಮಾತ್ರ ಓಡಾಡ್ತಾ ಇದೆ. ನಮ್ಮಲ್ಲಿ ಕೆಲವರು ಡಿಗ್ರಿ ಮಾಡೋಕೆ ಬೆಂಗಳೂರಿಗೆ ಬಂದವರು, ಕೆಲವರು ಡೆಲಿವರಿ ಕೆಲಸಕ್ಕೆ ಬಂದವರು, ಇನ್ನು ಕೆಲವರ ಅಪ್ಪ ಅಮ್ಮ ಗುಳೆ ಬಂದು ಕಟ್ಟಡ ಕೆಲಸ ಮಾಡ್ತಾ ಇಲ್ಲೇ ನಿಮ್ಮನ್ನ ಬೆಳೆಸಿದರು. ನಾನೂ ಕೂಡ್ಲಿಗಿ ಬಸ್ಸಲ್ಲಿ ಒಂದು ಬ್ಯಾಗು ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿದವನು. ಆ ಕಥೆ ಆಮೇಲೆ ಹೇಳ್ತೀನಿ. ಹೇಳಲೇಬೇಕು.

ಹೋದ ತಿಂಗಳು ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಒಬ್ಬ ತಮ್ಮನ ಫೋನ್ ಬಂತು. ಅವನ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಹೆಸರು ಹೇಳಲ್ಲ. ಮೊದಲು ಸುಮ್ಮನೆ ಅತ್ತ. ಆಮೇಲೆ ಕೇಳಿದ: "ಅಣ್ಣಾ, ದೇವರು ಕ್ಷಮಿಸ್ತಾನೆ ಅಂತ ಗೊತ್ತು. ಸಂಡೇ ಸ್ಕೂಲಿಂದ ಕೇಳಿದ್ದೀನಿ. ಆದ್ರೆ ನನ್ನನ್ನ ಮತ್ತೆ ಉಪಯೋಗಿಸ್ತಾನಾ? ಅಥವಾ ಇನ್ನು ಮೇಲೆ ಕೊನೇ ಬೆಂಚಲ್ಲಿ ಕೂತು ಆಮೆನ್ ಹೇಳೋದಷ್ಟೇನಾ ನನ್ನ ಪಾಲು?"

ಆ ರಾತ್ರಿ ನಾನು ಅವನಿಗೆ ಸರಿಯಾದ ಉತ್ತರ ಕೊಡಲಿಲ್ಲ. ಪ್ರಾರ್ಥನೆ ಮಾಡಿ ಇಟ್ಟೆ. ಇವತ್ತು ಕೊಡ್ತೀನಿ.

ಬೈಬಲ್ ತೆಗೀರಿ. ಮೊಬೈಲ್‌ನಲ್ಲಿ ಓದೋರು ಓದಿ, ಪರವಾಗಿಲ್ಲ, ವಾಟ್ಸಾಪ್ ಮಾತ್ರ ಆಮೇಲೆ. ಮಾರ್ಕ 16ನೇ ಅಧ್ಯಾಯ, 7ನೇ ವಚನ. ಪುನರುತ್ಥಾನದ ಬೆಳಿಗ್ಗೆ. ಮೂವರು ಹೆಂಗಸರು ಸುಗಂಧದ್ರವ್ಯ ಹಿಡಿದು ಸಮಾಧಿಗೆ ಬಂದಿದ್ದಾರೆ. ಕಲ್ಲು ಉರುಳಿದೆ. ಒಳಗೆ ಬಿಳೀ ನಿಲುವಂಗಿ ತೊಟ್ಟವನು ಕೂತಿದ್ದಾನೆ. ಆತ ಎದ್ದಿದ್ದಾನೆ, ನಿಮಗಿಂತ ಮುಂದಾಗಿ ಗಲಿಲಾಯಕ್ಕೆ ಹೋಗ್ತಾನೆ, ಈ ಸುದ್ದಿ ಹೋಗಿ ಹೇಳಿ ಅಂತಾನೆ. ಯಾರಿಗೆ ಹೇಳಬೇಕು? ಶಿಷ್ಯರಿಗೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಪೇತ್ರನೂ ಶಿಷ್ಯನೇ ಅಲ್ವಾ? ಹನ್ನೊಂದು ಮಂದಿಯಲ್ಲಿ ಅವನೂ ಬಂದ. ಆದರೂ ಇನ್ನೊಂದು ಪದ ಸೇರಿಸಿದ: ಪೇತ್ರನಿಗೂ.

ಮತ್ತಾಯ ತೆಗೆದು ನೋಡಿ, ಅಲ್ಲಿ ದೂತನ ಮಾತಲ್ಲಿ ಶಿಷ್ಯರಿಗೆ ಅಂತ ಮಾತ್ರ ಇದೆ. ಲೂಕನಲ್ಲಿ, ಯೋಹಾನನಲ್ಲಿ ದೂತನ ಬಾಯಲ್ಲಿ ಪೇತ್ರನ ಹೆಸರು ಇಲ್ಲ. ಮಾರ್ಕನಲ್ಲಿ ಮಾತ್ರ ಇದೆ. ಯಾಕೆ ಮಾರ್ಕನಲ್ಲಿ ಮಾತ್ರ? ಈ ಪ್ರಶ್ನೆ ಜೇಬಲ್ಲಿ ಇಟ್ಕೊಳ್ಳಿ, ಆಮೇಲೆ ಬರೋಣ.

ಮೊದಲು ಪೇತ್ರನಿಗೆ ಆ ಒಂದು ಪದ ಯಾಕೆ ಬೇಕಿತ್ತು ಅಂತ ನೋಡಿ. ಮೂರು ದಿನದ ಹಿಂದೆ ಏನಾಯ್ತು? ಮಹಾಯಾಜಕನ ಅಂಗಳ. ಚಳಿ. ಇದ್ದಲು ಹಾಕಿ ಬೆಂಕಿ ಕಾಯಿಸ್ತಾ ಇದ್ದಾರೆ. ಪೇತ್ರನೂ ಕೈ ಚಾಚಿ ನಿಂತಿದ್ದಾನೆ. ಒಬ್ಬ ಕೆಲಸದ ಹುಡುಗಿ ಮುಖ ನೋಡಿ, ನೀನೂ ಆ ನಜರೇತಿನವನ ಜೊತೆ ಇದ್ದೆ ಅಂದಳು. ಕತ್ತಿ ಹಿಡಿದು ಬಂದ ಸಿಪಾಯಿ ಅಲ್ಲ ಪ್ರಿಯರೇ, ಕೆಲಸದ ಹುಡುಗಿ. ಅವಳ ಮುಂದೆ ಈ ದೊಡ್ಡ ಮನುಷ್ಯ ಬಿದ್ದ. ಒಂದು ಸಲ ಅಲ್ಲ, ಮೂರು ಸಲ. ಮೂರನೇ ಸಲ ಆಣೆ ಇಟ್ಟು, ಶಾಪ ಹಾಕ್ಕೊಂಡು, ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಅಂದ. ಕೋಳಿ ಕೂಗಿತು.

ಇದೇ ಪೇತ್ರ ಅದಕ್ಕೆ ಸ್ವಲ್ಪ ಹೊತ್ತಿನ ಮುಂಚೆ, ಎಲ್ಲರೂ ಬಿಟ್ಟು ಹೋದರೂ ನಾನು ಬಿಡಲ್ಲ, ಸಾಯೋದಾದರೂ ಸರಿ ಅಂದಿದ್ದ. ಅವನು ಆಗ ಸುಳ್ಳು ಹೇಳಿದ ಅಂತ ನನಗನ್ನಿಸಲ್ಲ. ಮನಸ್ಸಿಂದಲೇ ಹೇಳಿದ್ದು. ನಾವೂ ಕ್ಯಾಂಪಿನ ಕೊನೇ ರಾತ್ರಿ, ಲೈಟ್ ಡಿಮ್ ಮಾಡಿ ಕೀಬೋರ್ಡ್ ನುಡಿಸ್ತಾ ಇರುವಾಗ, ಕಣ್ಣೀರು ಹಾಕಿ ಕೈ ಎತ್ತಿ ಹೇಳಿದ್ದೆಲ್ಲ ಸುಳ್ಳಾ? ಅಲ್ಲ. ಆ ಹೊತ್ತಿಗೆ ಅದು ನಿಜ. ಆದರೆ ಅಂಗಳದ ಬೆಂಕಿಯ ಮುಂದೆ ಆ ಕಣ್ಣೀರು ನಮ್ಮನ್ನ ಹಿಡಿದು ನಿಲ್ಲಿಸಲ್ಲ.

ಈಗ ಆ ಶನಿವಾರ ಯೋಚನೆ ಮಾಡಿ. ಪೇತ್ರ ಎಲ್ಲಿ ಕೂತಿದ್ದ, ಏನು ತಿಂದ, ವಾಕ್ಯ ಹೇಳಲ್ಲ. ಭಾನುವಾರ ಬೆಳಿಗ್ಗೆ ಆ ಹೆಂಗಸರು ಬಂದು, ಆತ ಎದ್ದಿದ್ದಾನೆ, ಶಿಷ್ಯರಿಗೆ ಹೇಳು ಅಂದ ಅಂತ ಮಾತ್ರ ಹೇಳಿದ್ದರೆ, ಪೇತ್ರ ಮನಸ್ಸಲ್ಲೇ ಏನು ಅಂದ್ಕೋತಿದ್ದ? "ಶಿಷ್ಯರಿಗೆ ಹೇಳಿದ್ದು. ಅಂದ್ರೆ ಅವರಿಗೆ. ನನಗಲ್ಲ." ಹೌದೋ ಇಲ್ಲವೋ? ಸೋತವನ ಕಿವಿ ಹಾಗೇ ಕೇಳೋದು. ಪಾಸ್ಟರ್ ಸ್ಟೇಜ್ ಮೇಲಿಂದ ದೇವರು ನಿಮ್ಮನ್ನೆಲ್ಲ ಪ್ರೀತಿಸ್ತಾನೆ ಅಂತಾರೆ, ನಮ್ಮ ಕಿವಿ ಆ 'ಎಲ್ಲ'ದಿಂದ ನಮ್ಮನ್ನ ಹೊರಗೆ ತೆಗೆದುಬಿಡುತ್ತೆ. ಅದಕ್ಕೇ ಹೆಸರು ಹಿಡಿದು ಹೇಳಬೇಕಾಯ್ತು.

ಈಗ ಆ ಜೇಬಿನ ಪ್ರಶ್ನೆ. ಯಾಕೆ ಮಾರ್ಕನಲ್ಲಿ ಮಾತ್ರ?

ಮಾರ್ಕ ಯಾರು? ಅಪೊಸ್ತಲರ ಕೃತ್ಯ 13:13. ಪೌಲ ಮತ್ತು ಬಾರ್ನಬರ ಮೊದಲ ಮಿಷನರಿ ಪ್ರಯಾಣ. ಯೋಹಾನ ಅನ್ನಿಸಿಕೊಳ್ಳುವ ಮಾರ್ಕ, ಚಿಕ್ಕ ಹುಡುಗ, ಸಹಾಯಕನಾಗಿ ಜೊತೆಗೆ ಹೊರಟಿದ್ದ. ಕುಪ್ರದ್ವೀಪ ದಾಟಿ ಪಂಫುಲ್ಯದ ಪೆರ್ಗೆಗೆ ಬಂದರು. ಅಲ್ಲಿಂದ ಮುಂದೆ ಬೆಟ್ಟದ ದಾರಿ. ಅಲ್ಲೇ ಮಾರ್ಕ ಅವರನ್ನ ಬಿಟ್ಟು ಯೆರೂಸಲೇಮಿಗೆ ವಾಪಸ್ ಹೋದ. ಯಾಕೆ ಅಂತ ಬರೆದಿಲ್ಲ. ಜ್ವರ ಬಂತಾ, ಹೆದರಿದನಾ, ಅಮ್ಮನ ನೆನಪಾಯ್ತಾ? ನಮ್ಮ ಊರಲ್ಲಿ ಬೆಂಗಳೂರಿಗೆ ಕಳಿಸಿದ ಹುಡುಗ ಎರಡೇ ತಿಂಗಳಿಗೆ ಬ್ಯಾಗು ಹೊತ್ತು ಬಸ್‌ಸ್ಟ್ಯಾಂಡಲ್ಲಿ ಇಳಿದರೆ ಜನ ಕಾರಣ ಕೇಳ್ತಾರಾ? "ಬಂದನಲ್ಲಪ್ಪಾ ಓಡಿ" ಅಂತಾರೆ. ಕಟ್ಟೆ ಮೇಲೆ ಕೂತವರಿಗೆ ಅಷ್ಟು ಸಾಕು.

ಆಮೇಲೆ 15ನೇ ಅಧ್ಯಾಯ. ಎರಡನೇ ಪ್ರಯಾಣ. ಬಾರ್ನಬ, ಮಾರ್ಕನನ್ನ ಕರ್ಕೊಂಡು ಹೋಗೋಣ ಅಂದ. ಪೌಲ ಬೇಡ ಅಂದ, ನಡುವೆ ಬಿಟ್ಟು ಹೋದವನು ಬೇಡ. ಜಗಳ ಎಷ್ಟು ಜೋರಾಯ್ತು ಅಂದ್ರೆ ಇಬ್ಬರು ಅಪೊಸ್ತಲರು ಬೇರೆ ಬೇರೆ ದಾರಿ ಹಿಡಿದರು. ಪವಿತ್ರಾತ್ಮ ಕರೆದು ಪ್ರತ್ಯೇಕಿಸಿದ ಇಬ್ಬರು! ನಾನು ಈ ಭಾಗ ಓದುವಾಗೆಲ್ಲ ಪೌಲನ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಈಗ ಅಷ್ಟು ಬರಲ್ಲ. ಅಪಾಯದ ದಾರಿ ಅದು, ನಂಬಿಕೆಗೆ ಅರ್ಹರು ಬೇಕು ಅಂದಿದ್ದು ತಪ್ಪಲ್ಲ. ಆದರೆ ಬಾರ್ನಬ ಇಲ್ಲದಿದ್ದರೆ ಮಾರ್ಕ ಮುಗಿದುಹೋಗ್ತಿದ್ದ. ಬಾರ್ನಬ ಅವನನ್ನ ಮತ್ತೆ ಕುಪ್ರಕ್ಕೇ ಕರ್ಕೊಂಡು ಹೋದ, ಮೊದಲು ಹೋಗಿದ್ದ ಅದೇ ದಾರಿಗೆ.

ವರ್ಷಗಳು ಕಳೆದವು. ಕೊಲೊಸ್ಸೆ 4:10ರಲ್ಲಿ ಅದೇ ಪೌಲ, ಮಾರ್ಕ ಬಂದರೆ ಸೇರಿಸ್ಕೊಳ್ಳಿ ಅಂತ ಬರೀತಾನೆ. 2 ತಿಮೊಥೆ 4:11ರಲ್ಲಿ, ಸಾವು ಹತ್ತಿರ ಬಂದಿರುವಾಗ, ಮಾರ್ಕನನ್ನ ಕರ್ಕೊಂಡು ಬಾ, ಸೇವೆಯಲ್ಲಿ ಅವನಿಂದ ನನಗೆ ಪ್ರಯೋಜನ ಇದೆ ಅನ್ನೋ ಅರ್ಥದಲ್ಲಿ ಬರೀತಾನೆ. ಬೇಡ ಅಂದ ಬಾಯಿಂದಲೇ ಬೇಕು ಅನ್ನೋ ಮಾತು ಬಂತು. ಹಲ್ಲೆಲೂಯಾ! ಇನ್ನೊಂದು ನೋಡಿ, 1 ಪೇತ್ರ 5:13. ಪೇತ್ರ ಅವನನ್ನ ಮಗ ಅಂತ ಕರೀತಾನೆ. ಎರಡನೇ ಶತಮಾನದ ಪಪಿಯಾಸ್ ಅನ್ನೋ ಸಭಾಹಿರಿಯ ಹೇಳಿದ ಮಾತು ಉಳಿದು ಬಂದಿದೆ: ಪೇತ್ರ ನೆನಪಿಸಿಕೊಂಡು ಹೇಳಿದ್ದನ್ನ ಮಾರ್ಕ ಬರೆದಿಟ್ಟ ಅಂತ.

ಅಂದರೆ ಏನಾಯ್ತು? ಅಂಗಳದಲ್ಲಿ ಸೋತವನು ಹೇಳ್ತಾ ಇದ್ದಾನೆ, ಪೆರ್ಗೆಯಿಂದ ಓಡಿಹೋದವನು ಬರ್ಕೋತಾ ಇದ್ದಾನೆ. ಆ ಬೆಳಗಿನ ಮಾತು ಹೇಳುವಾಗ ಮುದುಕ ಪೇತ್ರ, "ಬರ್ಕೋ ಮಗನೇ, ನನ್ನ ಹೆಸರು ಹಿಡಿದು ಹೇಳಿದರು" ಅಂದಿರಬೇಕು. ಇದು ನನ್ನ ಕಲ್ಪನೆ, ವಾಕ್ಯ ಅಂತ ತಗೋಬೇಡಿ. ಆದರೆ ಆ ಪದದ ಬೆಲೆ ಗೊತ್ತಿದ್ದವರು ಆ ಕೋಣೆಯಲ್ಲಿ ಇಬ್ಬರಿದ್ದರು ಅನ್ನೋದು ನನ್ನ ನಂಬಿಕೆ. ನಿರಾಕರಿಸಿದ ಕಥೆಯನ್ನ ಮಾರ್ಕ ಒಂಚೂರೂ ಮುಚ್ಚಿಲ್ಲ, ಆಣೆ ಇಟ್ಟಿದ್ದು, ಶಾಪ ಹಾಕ್ಕೊಂಡಿದ್ದು, ಅತ್ತಿದ್ದು ಎಲ್ಲಾ ಇದೆ. ಯಾರಿಂದ ಕೇಳಿ ಬರೆದನೋ ಅವನೇ ಮುಚ್ಚಿಡಲಿಲ್ಲ ಅಂತ ಅರ್ಥ.

ಆ ಪುಸ್ತಕ ಕನ್ನಡಕ್ಕೆ ಬಂದ ದಾರಿಯೂ ನಮ್ಮ ಹಳೇ ಬಳ್ಳಾರಿ ಜಿಲ್ಲೆಯದೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಹೊರಟಿದ್ದು ಶ್ರೀರಂಗಪಟ್ಟಣಕ್ಕೆ ಅಂತ. ಆ ಬಾಗಿಲು ತೆರೆಯಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದು ಕೂತರು. ಭಾಷೆ ಕಲಿತು, ಅನುವಾದ ಶುರು ಮಾಡಿ, ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬಂದಿದ್ದು 1831ರಲ್ಲಿ. ಇಪ್ಪತ್ತೊಂದು ವರ್ಷ. ನಮಗೆ ಇಪ್ಪತ್ತೊಂದು ದಿನದ ಉಪವಾಸ ಪ್ರಾರ್ಥನೆಯಲ್ಲೇ ಹನ್ನೆರಡನೇ ದಿನಕ್ಕೆ ಸಾಕಾಗುತ್ತೆ. ಇರಲಿ.

ಈಗ ನನ್ನ ಕಥೆ.

2011. ನಾನು ಬೆಂಗಳೂರಲ್ಲಿ ಓದ್ತಾ ಇದ್ದೆ. ಅಪ್ಪ ಒಂದು ಜೊತೆ ಎತ್ತು ಮಾರಿ ಫೀಸು ಕಟ್ಟಿದ್ದರು. ನಮ್ಮದು ಮಳೆ ನಂಬಿದ ಹೊಲ, ಶೇಂಗಾ. ಎತ್ತು ಮಾರೋದು ಅಂದ್ರೆ ಏನು ಅಂತ ಇಲ್ಲಿ ಕೂತಿರೋ ಅರ್ಧ ಜನಕ್ಕೆ ಗೊತ್ತು. ನಾನು ಹೋಗುತ್ತಿದ್ದ ಸಭೆಯಲ್ಲಿ ನಾನು ಯೂತ್ ಲೀಡರ್. ಹಾಡಿಸ್ತಿದ್ದೆ, ಸಾಕ್ಷಿ ಹೇಳ್ತಿದ್ದೆ. ಬೇಸಿಗೆ ಕ್ಯಾಂಪಿಗೆ ನಲವತ್ತನಾಲ್ಕು ಮಂದಿ ಹೆಸರು ಕೊಟ್ಟು ಒಬ್ಬೊಬ್ಬರು 600 ರೂಪಾಯಿ ಕೊಟ್ಟಿದ್ದರು. ಒಟ್ಟು 26,400. ನನ್ನ ಕೈಲಿ ಇತ್ತು.

ಅದೇ ಟೈಮಲ್ಲಿ ವರ್ಲ್ಡ್ ಕಪ್. ರೂಮಿನ ಹತ್ತಿರ ಟೀ ಅಂಗಡಿಯಲ್ಲಿ ಬೆಟ್ಟಿಂಗ್ ನಡೀತಿತ್ತು. ಈಗಿನ ಹಾಗೆ ಆ್ಯಪ್ ಇರಲಿಲ್ಲ, ಒಬ್ಬ ಮನುಷ್ಯ ಡೈರಿಯಲ್ಲಿ ಬರ್ಕೋತಿದ್ದ. ಮೊದಲು ನನ್ನ ದುಡ್ಡು ಹೋಯ್ತು. ಅದನ್ನ ಎತ್ತಬೇಕು ಅಂತ ಕ್ಯಾಂಪಿನ ಆರು ಸಾವಿರ ಹಾಕಿದೆ, ಅದೂ ಹೋಯ್ತು. ಮಾರ್ಚ್ 12, ನಾಗಪುರ, ಇಂಡಿಯಾ-ಸೌತ್ ಆಫ್ರಿಕಾ. ಸಚಿನ್ ಸೆಂಚುರಿ ಹೊಡೆದ ಮ್ಯಾಚ್. ಇಂಡಿಯಾ ಒಂದು ವಿಕೆಟ್‌ಗೆ 267 ಇದ್ದಾಗ ನಾನು ಉಳಿದ 20,400 ಇಂಡಿಯಾ ಮೇಲೆ ಹಾಕಿದೆ. ಕ್ರಿಕೆಟ್ ನೋಡೋರಿಗೆ ಗೊತ್ತು. 296ಕ್ಕೆ ಆಲೌಟ್. ಕೊನೇ ಓವರಿನಲ್ಲಿ ಸೋತೆವು. ಇಂಡಿಯಾ ಆ ಕಪ್ ಗೆದ್ದಿತು, ನಾನು ಇವತ್ತಿಗೂ ಆ ಫೈನಲ್ ಪೂರ್ತಿ ನೋಡಿಲ್ಲ.

ಪಾಪ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಭಾನುವಾರ ಪಾಸ್ಟರ್ ಹತ್ತಿರ ಹೋಗಿ, ಬಸ್ಸಲ್ಲಿ ಬ್ಯಾಗು ಕಳುವಾಯ್ತು ಅಂದೆ. ಅವರು ನಂಬಿದರು. ನನ್ನನ್ನ ಮುಂದೆ ನಿಲ್ಲಿಸಿ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದರು. ಮತ್ತೆ ಕಾಣಿಕೆ ಎತ್ತಿದರು, ನನಗೋಸ್ಕರ. ಮನೆಗೆಲಸ ಮಾಡುವ ಒಬ್ಬ ಅಕ್ಕ ಸೆರಗಿನ ಗಂಟು ಬಿಚ್ಚಿ ನೂರರ ಎರಡು ನೋಟು ತೆಗೆದು ನನ್ನ ಕೈಗೇ ಕೊಟ್ಟು, "ಬಸ್ಸಲ್ಲಿ ಹುಷಾರಾಗಿರಬೇಕು ತಮ್ಮಾ" ಅಂದಳು. ನಾನು ತಗೊಂಡೆ. ಆ ಎರಡು ನೋಟು ಮಡಚಿದ್ದ ರೀತಿ ನನಗೆ ಈಗಲೂ ನೆನಪಿದೆ.

ಮುಂದಿನ ವಾರದಿಂದ ಸಭೆಗೆ ಹೋಗಲಿಲ್ಲ. ಸಿಮ್ ಬದಲಾಯಿಸಿದೆ. ಎಂಟು ತಿಂಗಳು. ಓದೂ ಅರ್ಧಕ್ಕೆ ನಿಂತು, ಊರಿಗೆ ಬಂದು ಅಪ್ಪನಿಗೆ ರಜೆ ಅಂತ ಇನ್ನೊಂದು ಸುಳ್ಳು ಹೇಳಿದೆ. ಪ್ರಾರ್ಥನೆ ಮಾಡೋಕೆ ಬಾಯಿ ತೆರೆದರೆ ಆ ಎರಡು ನೋಟು ಕಣ್ಣ ಮುಂದೆ. ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದ ನಾಲಿಗೆ ಸ್ವಂತ ಭಾಷೆಯಲ್ಲೂ ಓಡಲಿಲ್ಲ.

ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಏನೋ ಕೆಲಸಕ್ಕೆ ಕೊಟ್ಟೂರಿಗೆ ಹೋಗಿದ್ದೆ. ಕೊಟ್ಟೂರು ಆಗ ಇನ್ನೂ ಕೂಡ್ಲಿಗಿ ತಾಲ್ಲೂಕಿಗೇ ಸೇರಿತ್ತು. ಅಲ್ಲಿ ಒಬ್ಬ ಹಿರಿಯರು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು, ಮನೆಯಲ್ಲೇ ಪ್ರಾರ್ಥನಾ ಕೂಟ ನಡೆಸುತ್ತಿದ್ದರು. ಚಿಕ್ಕಂದಿನಿಂದ ನನ್ನನ್ನ ಬಲ್ಲವರು. ನಾನು ಅವರ ಕಣ್ಣು ತಪ್ಪಿಸಿ ರಸ್ತೆ ದಾಟುತ್ತಿದ್ದೆ. ಕೂಗಿದರು. ಏನು ಕೇಳಿದರು ಗೊತ್ತಾ? ಸಭೆಗೆ ಹೋಗ್ತೀಯಾ ಅಂತ ಅಲ್ಲ.

"ನಾಷ್ಟಾ ಆತೇನಪ್ಪಾ? ಬಾ, ಕುಂದ್ರು."

ಒಗ್ಗರಣಿ ಮಿರ್ಚಿ ತರಿಸಿದರು. ತಿನ್ನೋವರೆಗೂ ಏನೂ ಕೇಳಲಿಲ್ಲ. ತಿಂದಾದ ಮೇಲೆ ಚಹಾ ಕುಡೀತಾ, "ಏನಾತು?" ಅಂದರು. ಎಲ್ಲಾ ಹೇಳಿಬಿಟ್ಟೆ. ಟ್ಯೂಬಿಗೆ ಪಂಚರ್ ಹಾಕ್ತಾ ಕೇಳಿದರು. ಮುಗಿದ ಮೇಲೆ ಹೇಳಿದ್ದು ಇಷ್ಟೇ: "ನಂಗ ಹೇಳಿದ್ದು ಒಳ್ಳೇದಾತು. ಆದ್ರ ದುಡ್ಡು ನಂದಲ್ಲಪ್ಪಾ. ಯಾರ್ದೋ ಅವ್ರಿಗೆ ಹೇಳ್ಬೇಕು. ನಾನೂ ಬರ್ತೀನಿ, ಇಬ್ರೂ ಹೋಗಾಣ."

ಎರಡು ದಿನ ಅಂಗಡಿ ಮುಚ್ಚಿ, ರಾತ್ರಿ ಬಸ್ಸಲ್ಲಿ ನನ್ನ ಪಕ್ಕ ಕೂತು ಬೆಂಗಳೂರಿಗೆ ಬಂದರು. ದಿನದ ದುಡಿಮೆ ದಿನಕ್ಕೆ ಸಾಲದ ಮನುಷ್ಯ. ಬಾರ್ನಬ ಅಂದರೆ ನನಗೆ ಎಣ್ಣೆ ಹತ್ತಿದ ಆ ಕೈಗಳೇ ನೆನಪಾಗೋದು.

ಸಭೆಯಲ್ಲಿ ಹೇಳಿದೆ. ಎಲ್ಲರೂ ಓಡಿ ಬಂದು ತಬ್ಬಿಕೊಂಡರು ಅಂತ ಹೇಳಿದರೆ ಸಾಕ್ಷಿ ಚೆನ್ನಾಗಿರುತ್ತೆ, ಆದರೆ ಹಾಗಾಗಲಿಲ್ಲ. ಕೆಲವರು ಅತ್ತರು, ಕೆಲವರು ಎದ್ದು ಹೋದರು. ಆ ಅಕ್ಕ ಮೂರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅದು ಅವಳ ತಪ್ಪಲ್ಲ. ಕ್ಷಮಿಸೋಕೆ ಅವಳಿಗೂ ಟೈಮ್ ಬೇಕು, ನಾನು ಕೇಳಿದ ತಕ್ಷಣ ಕೊಡೋಕೆ ಅದೇನು ಅಂಗಡಿ ಸಾಮಾನಾ? ಒಂದು ಕೆಲಸ ಹಿಡಿದೆ. ತಿಂಗಳಿಗೆ ಸಾವಿರದಂತೆ ಇಪ್ಪತ್ತೇಳು ತಿಂಗಳು ವಾಪಸ್ ಕಟ್ಟಿದೆ. ಅಪ್ಪನ ಎತ್ತು ಮಾತ್ರ ವಾಪಸ್ ಬರಲಿಲ್ಲ.

2014ರ ಬೇಸಿಗೆ ಕ್ಯಾಂಪು ಬಂತು. ಪಾಸ್ಟರ್ ಕರೆದು ಒಂದು ಹೊಸ ನೋಟ್‌ಬುಕ್ ಕೊಟ್ಟರು. "ಲೆಕ್ಕ ನೀನು ಬರಿ" ಅಂದರು. ನನ್ನ ಕೈ ನಡುಗಿತು. "ಆದರೆ ದುಡ್ಡು ಇಬ್ಬರು ಎಣಿಸಬೇಕು, ಯಾವತ್ತೂ ಒಬ್ಬನೇ ಅಲ್ಲ" ಅಂದರು. 2 ಕೊರಿಂಥ 8:20ರಲ್ಲಿ ಪೌಲನೂ ಕಾಣಿಕೆ ವಿಷಯದಲ್ಲಿ ಅಷ್ಟೇ ಜಾಗ್ರತೆ ವಹಿಸ್ತಾನೆ, ಓದಿ ನೋಡಿ. ನಾನು ಈಗ ಸೇವೆ ಮಾಡುವ ಸಭೆಯಲ್ಲೂ ಇಬ್ಬರೇ ಎಣಿಸೋದು. ನನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ, ನಾನೇ ಹಾಗೆ ಕೇಳ್ಕೊಂಡಿದ್ದು.

ಈಗ ಯೋಹಾನ 21 ತೆಗೀರಿ. ನಾನು ಹೇಳಿದ್ದು ನನ್ನ ಕಥೆ, ಇದು ಮೂಲ.

ತಿಬೇರಿಯ ಸಮುದ್ರದ ದಡ. ರಾತ್ರಿಯೆಲ್ಲ ಬಲೆ ಬೀಸಿ ಒಂದು ಮೀನೂ ಸಿಕ್ಕಿಲ್ಲ. ಬೆಳಿಗ್ಗೆ ಯೇಸು ದಡದಲ್ಲಿ ನಿಂತಿದ್ದಾನೆ. ಬಲಗಡೆ ಬಲೆ ಹಾಕಿ ಅಂದ, 153 ದೊಡ್ಡ ಮೀನು ಬಂತು. ಪೇತ್ರ ನೀರಿಗೆ ಹಾರಿ ದಡಕ್ಕೆ ಬಂದ. ಅಲ್ಲಿ ಏನು ನೋಡಿದ? ಇದ್ದಲಿನ ಬೆಂಕಿ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಆ ಪದ ಎರಡೇ ಕಡೆ ಬರುತ್ತದೆ. ಒಂದು ಯೋಹಾನ 18:18, ಮಹಾಯಾಜಕನ ಅಂಗಳ. ಇನ್ನೊಂದು ಇಲ್ಲಿ. ಅದೇ ವಾಸನೆ, ಅದೇ ಹೊಗೆ. ಸೋತ ಜಾಗ ಮರೆಸಿ ಎಲ್ಲೋ ಹೊಸ ಜಾಗಕ್ಕೆ ಕರ್ಕೊಂಡು ಹೋಗಲಿಲ್ಲ ಕರ್ತನು. ಆ ಬೆಂಕಿಯ ಮುಂದೆಯೇ ಮತ್ತೆ ಕೂರಿಸಿದ. ಆದರೆ ಈ ಸಲ ಬೆಂಕಿಯ ಮೇಲೆ ಮೀನು ಸುಡ್ತಾ ಇತ್ತು, ಪಕ್ಕದಲ್ಲಿ ರೊಟ್ಟಿ.

ಮೊದಲು ಊಟ. ಆಮೇಲೆ ಮಾತು. 15ನೇ ವಚನ ಗಮನಿಸಿ, ಊಟವಾದ ಮೇಲೆ ಕೇಳಿದ ಅಂತಲೇ ಬರೆದಿದೆ. ಎದ್ದು ಬಂದ ಕರ್ತನು ಒದ್ದೆ ಬಟ್ಟೆಯಲ್ಲಿರೋ ಸೋತ ಮನುಷ್ಯನಿಗೆ ನಾಷ್ಟಾ ಕೊಡ್ತಾನೆ.

ಮತ್ತೆ ಮೂರು ಸಲ ಕೇಳ್ತಾನೆ. ಏನಂತ? ಯಾಕೆ ಹಾಗೆ ಮಾಡಿದೆ ಅಂತ ಕೇಳಲಿಲ್ಲ. ಇನ್ನು ಮೇಲೆ ಮಾಡಲ್ಲ ಅಂತ ಆಣೆ ಇಡು ಅಂತಲೂ ಕೇಳಲಿಲ್ಲ. ಆಣೆ ಎಲ್ಲಾ ಪೇತ್ರ ಮೊದಲೇ ಇಟ್ಟಾಗಿತ್ತು, ಅದರ ಗತಿ ಇಬ್ಬರಿಗೂ ಗೊತ್ತು. ನನ್ನ ಮೇಲೆ ನಿನಗೆ ಪ್ರೀತಿ ಇದೆಯಾ ಅಂತ ಕೇಳಿದ. ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯ್ತು ಅಂತ ಬರೆದಿದೆ. ಆಗಲೇಬೇಕು. ಮೂರು ಗಾಯ, ಮೂರು ಸಲ ತೊಳೀಬೇಕು. ಪೇತ್ರನ ಉತ್ತರ ನೋಡಿ, ನಾನು ಎಲ್ಲರಿಗಿಂತ ಹೆಚ್ಚು ಅನ್ನೋ ಮಾತು ಬಾಯಲ್ಲಿ ಇಲ್ಲ. ಕರ್ತನೇ, ನಿನಗೇ ಗೊತ್ತು ಅಂತಾನೆ, ಅಷ್ಟೇ.

ಪ್ರತಿ ಸಲವೂ ಒಂದೇ ಕೆಲಸ ಕೊಟ್ಟ: ನನ್ನ ಕುರಿ ನೋಡ್ಕೋ. ನಮ್ಮ ಕಡೆ ಹೊಲದಲ್ಲಿ ಕುರಿ ಹಟ್ಟಿ ಹಾಕಿದವರನ್ನ ಕೇಳಿ. ತೋಳ ಬಂದಾಗ ಹಿಂಡು ಬಿಟ್ಟು ಓಡಿಹೋದವನ ಕೈಗೆ ಮತ್ತೆ ಕುರಿ ಕೊಡ್ತಾರಾ? ಕೂಲಿ ಲೆಕ್ಕ ಮಾಡಿ ಕಳಿಸ್ತಾರೆ. ಇಲ್ಲಿ ಕರ್ತನು ತನ್ನ ರಕ್ತ ಕೊಟ್ಟು ಕೊಂಡ ಹಿಂಡನ್ನ ಓಡಿಹೋದವನ ಕೈಗೇ ಕೊಡ್ತಾನೆ. ಫೋನ್ ಮಾಡಿದ ತಮ್ಮಾ, ನೀನು ಇಲ್ಲೇ ಕೂತಿದ್ದೀಯ, ನನಗೆ ಗೊತ್ತು. ನಿನ್ನ ಪ್ರಶ್ನೆಗೆ ಉತ್ತರ ಇದೇ.

ಆದರೆ 18ನೇ ವಚನವನ್ನೂ ಬಿಡಬೇಡ. ನೀನು ಮುದುಕನಾದಾಗ ಇನ್ನೊಬ್ಬರು ನಿನ್ನ ನಡು ಕಟ್ಟಿ ನಿನಗೆ ಇಷ್ಟವಿಲ್ಲದ ಕಡೆಗೆ ಒಯ್ಯುತ್ತಾರೆ ಅಂತಲೂ ಅಲ್ಲೇ ಹೇಳಿದ. ಕೆಲಸ ಸಿಕ್ಕಿತು ಅಂದರೆ ಪ್ರಮೋಷನ್ ಸಿಕ್ಕಿತು ಅಂತ ಅಲ್ಲ. ಪೆಂತೆಕೋಸ್ತ ದಿನ ಪವಿತ್ರಾತ್ಮ ಇಳಿದಾಗ ಎದ್ದು ನಿಂತು ಬೋಧಿಸಿದವನು ಇದೇ ಪೇತ್ರ, ಮೂರು ಸಾವಿರ ಜನ ಸೇರಿದರು. ನಿಜ, ಸ್ತೋತ್ರ. ಆಮೇಲೂ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಎಡವಿದ, ಪೌಲ ಮುಖಾಮುಖಿ ಗದರಿಸಿದ, ಗಲಾತ್ಯ 2ರಲ್ಲಿ ಇದೆ. ಅಭಿಷೇಕ ಬಂದ ಮೇಲೆ ಸೋಲೇ ಇಲ್ಲ ಅಂತ ಯಾರಾದರೂ ಬೋಧಿಸಿದರೆ ಈ ಅಧ್ಯಾಯ ತೋರಿಸಿ.

ಇನ್ನೆರಡು ಮಾತು ಹೇಳಬೇಕು.

ಹಡಗಲಿ ಕಡೆಯ ಒಬ್ಬ ತಂಗಿ ಕೇಳಿದಳು: "ಅಣ್ಣಾ, ನಮ್ಮ ಮಲ್ಲಿಗೆ ಗಿಡ ಸವರಿದ ಮೇಲೇನೇ ಹೊಸ ಚಿಗುರಲ್ಲಿ ಮೊಗ್ಗು ಬರೋದು. ನನ್ನ ಸೋಲೂ ದೇವರು ಸವರಿದ್ದಾ?" ಹಡಗಲಿ ಮಲ್ಲಿಗೆಗೆ ಜಿಐ ಟ್ಯಾಗ್ ಇದೆ, ಅವರಿಗೆ ಗಿಡದ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಅವಳದ್ದು ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದು. ಅವಳಿಗೆ ಹೇಳಿದೆ, ಇರಬಹುದಮ್ಮಾ. ಪರೀಕ್ಷೆ ಫೇಲಾಗೋದು ಪಾಪ ಅಲ್ಲ, ಅದಕ್ಕೆ ಮೊಣಕಾಲೂರಿ ಪಶ್ಚಾತ್ತಾಪ ಪಡಬೇಡ, ಓದು. ಮನೆಯವರು ಶಾಪ ಅಂದರೂ ಒಪ್ಪಬೇಡ. ಆದರೆ ನನ್ನ 26,400 ದೇವರು ಸವರಿದ್ದಲ್ಲ. ನಾನೇ ಕೊಡಲಿ ಹಾಕಿದ್ದು. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಒಬ್ಬರು ಮಾಡದ ತಪ್ಪಿಗೆ ಅಳ್ತಾ ಇರ್ತಾರೆ, ಇನ್ನೊಬ್ಬರು ಮಾಡಿದ ತಪ್ಪನ್ನ ದೇವರ ಯೋಜನೆ ಅಂತ ಹೇಳ್ಕೊಂಡು ಓಡಾಡ್ತಾ ಇರ್ತಾರೆ. ನಿಮ್ಮದು ಯಾವುದು ಅಂತ ನಿಮಗೆ ಗೊತ್ತು.

ಎರಡನೇದು ಯೂದ. ಅದೇ ರಾತ್ರಿ ಅವನೂ ಬಿದ್ದ. ಮತ್ತಾಯ 27 ಓದಿ. ಅವನೂ ಪಶ್ಚಾತ್ತಾಪಪಟ್ಟ, ಪಾಪ ಮಾಡಿದೆ ಅಂತ ಬಾಯಿಬಿಟ್ಟು ಹೇಳಿದ, ಮೂವತ್ತು ಬೆಳ್ಳಿಯನ್ನೂ ವಾಪಸ್ ಕೊಟ್ಟ. ನಾನು ಇಪ್ಪತ್ತೇಳು ತಿಂಗಳು ತಗೊಂಡೆ, ಅವನು ಒಂದೇ ಸಲಕ್ಕೆ ಕೊಟ್ಟ. ಆದರೆ ಯಾರ ಹತ್ತಿರ ಹೋದ? ಅವನನ್ನ ಉಪಯೋಗಿಸಿ ಬಿಸಾಡಿದವರ ಹತ್ತಿರ. ಅದರಿಂದ ನಮಗೇನು, ನೀನೇ ನೋಡ್ಕೋ ಅಂದರು ಅವರು. ಅಲ್ಲಿಂದ ಒಬ್ಬನೇ ಹೊರಟ. ಪೇತ್ರ ನಾಚಿಕೆ ಹೊತ್ತುಕೊಂಡೇ ಶಿಷ್ಯರ ಜೊತೆ ಉಳಿದ, ಅದಕ್ಕೇ ಆ ಹೆಂಗಸರು ಸುದ್ದಿ ತಂದಾಗ ಕೈಗೆ ಸಿಕ್ಕ.

ಇಲ್ಲಿ ಯಾರಿಗಾದರೂ ಸಾಯಬೇಕು ಅನ್ನೋ ಯೋಚನೆ ಬರ್ತಾ ಇದ್ದರೆ, ಸಾಲದ ಆ್ಯಪಿನವರು ಕಾಟ ಕೊಡ್ತಾ ಇರಬಹುದು, ಇನ್ನೇನೋ ಇರಬಹುದು, ದಯವಿಟ್ಟು ಒಬ್ಬರೇ ಇರಬೇಡಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಈಗಲೇ ಸೇವ್ ಮಾಡ್ಕೊಳ್ಳಿ, ಪಕ್ಕದವರಿಗೂ ಸೇವ್ ಮಾಡಿಸಿ. ಪ್ರಾರ್ಥನೆ ಇದ್ದರೆ ಡಾಕ್ಟರ್ ಬೇಡ ಅನ್ನೋದು ನಂಬಿಕೆ ಅಲ್ಲ. ನನಗೂ ಫೋನ್ ಮಾಡಿ. ಹನ್ನೊಂದೂವರೆ ಆದರೂ ಸರಿ, ಎತ್ತುತ್ತೀನಿ.

ಕಣ್ಣು ಮುಚ್ಚೋಣ. ಕೀಬೋರ್ಡ್ ಬೇಡ ತಮ್ಮಾ, ಸ್ವಲ್ಪ ಸುಮ್ಮನಿರೋಣ.

ಕರ್ತನಾದ ಯೇಸುವೇ, ಸತ್ತು ಮೂರನೇ ದಿನ ಎದ್ದು ಬಂದವನೇ, ನಿನ್ನನ್ನ ಗೊತ್ತಿಲ್ಲ ಅಂದವನ ಹೆಸರನ್ನ ನೀನು ಮರೆಯಲಿಲ್ಲ. ಇಲ್ಲಿ ಕೂತಿರುವ ಒಬ್ಬೊಬ್ಬರ ಹೆಸರೂ ನಿನಗೆ ಗೊತ್ತು, ಅವರು ಮಾಡಿದ್ದೂ ಗೊತ್ತು. ಯಾರಿಗೆ ಹೋಗಿ ಹೇಳಬೇಕೋ ಆ ಹೆಸರನ್ನ ಈಗ ಅವರ ನೆನಪಿಗೆ ತಾ. ಹೋಗೋಕೆ ಕಾಲಿಗೆ ಬಲ ಕೊಡು. ಜೊತೆಗೆ ಬರೋಕೆ ಒಬ್ಬರನ್ನ ಕೊಡು. ಕೈ ನಡುಗಿದರೂ ನೋಟ್‌ಬುಕ್ ಹಿಡಿಯೋಕೆ ಕೃಪೆ ಕೊಡು. ಪವಿತ್ರಾತ್ಮನೇ, ಮುಚ್ಚಿಹೋದ ಬಾಯಿಗಳನ್ನ ತೆರೆ. ಯೇಸುವಿನ ನಾಮದಲ್ಲಿ, ಆಮೆನ್.

ಇವತ್ತು ಯಾರೂ ಮುಂದೆ ಬಂದು ನಿಲ್ಲೋದು ಬೇಡ, ಕೈ ಎತ್ತೋದೂ ಬೇಡ. ಹೊರಗೆ ನಮ್ಮ ಹಗರಿಬೊಮ್ಮನಹಳ್ಳಿಯ ಅಕ್ಕಂದಿರು ಒಗ್ಗರಣಿ ಮಿರ್ಚಿ ಮಾಡಿದ್ದಾರೆ, ಚಹಾ ಇದೆ. ಮೊದಲು ಎಲ್ಲರೂ ತಿನ್ನಿ. ಮಾತಾಡಬೇಕು ಅನ್ನಿಸಿದವರು ತಟ್ಟೆ ಹಿಡ್ಕೊಂಡೇ ಬನ್ನಿ, ನಾನು ಆ ನೀರಿನ ಡ್ರಮ್ ಪಕ್ಕದ ಬೆಂಚಲ್ಲಿ ಕೂತಿರ್ತೀನಿ.